ಮೊರದಲ್ಲಿ ಕೊಟ್ಟ ಕೂಸು

ಅರಳೆ ಹಿಂಜುವ ಯಂತ್ರ ಗೊರ್ರ್ ಎಂದು ಗಂಟಲು ಕಟ್ಟಿಕೊಂಡಿತು. ಯಾರದೋ ಮನೆಯ ಹಳೆಯ ಗಾದಿ, ಹತ್ತಿಯ ಜೊತೆ ಒಳಗೆ ಏನೇನು ತುರುಕಿದ್ದರೋ. ರಸೂಲಬಿ ಸ್ವಿಚ್ ಆರಿಸಿದಳು. ಯಂತ್ರದ ಹಲ್ಲುಗಳ ನಡುವೆ ಬೆರಳು ತೂರಿಸಿ, ಸಿಕ್ಕಿಕೊಂಡಿದ್ದ ಹರಕು ಸೀರೆಯ ಅಂಚನ್ನು ಎಳೆದು ತೆಗೆದಳು. ಸದ್ದು ನಿಂತ ಮೇಲೆಯೇ ಅವಳಿಗೆ ತಿಳಿದದ್ದು, ಮಗಳು ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತಿನಿಂದ ಏನೋ ಹೇಳುತ್ತಿದ್ದಾಳೆಂದು.

"ಏನಂದಿ?"

"ಅತ್ತಿ, ಈ ಕಾಗದದಾಗ ನೀ ಇಲ್ಲ."

ಫಿರದೋಸ ತನ್ನನ್ನು ಹೆತ್ತವಳನ್ನು ಅತ್ತಿ, ಅಂದರೆ ಅತ್ತೆ, ಎಂದೇ ಕರೆಯುತ್ತಿದ್ದಳು. ಮೂಡಲಗಿಯ ಆ ಓಣಿಗೆ ಇದು ರೂಢಿಯಾಗಿ, ಯಾರೂ ಈಗ ಅದನ್ನು ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ತಂದೆ ದಸ್ತಗೀರ ನದಾಫ ಬದುಕಿರುವವರೆಗೆ ಅವನನ್ನು ಮಾಮಾ ಎನ್ನುತ್ತಿದ್ದಳು. ಅವನು ತೀರಿಕೊಂಡು ನಾಲ್ಕು ವರ್ಷ. ಅಲ್ಲಿಂದ ಯಂತ್ರ, ಸೂಜಿ, ದಾರ, ಗಾದಿ ಬಡಿಯುವ ಕೋಲು ಎಲ್ಲ ರಸೂಲಬಿಯ ಕೈಗೆ ಬಂದಿದ್ದವು. ಅವಳ ಹುಬ್ಬಿನ ಮೇಲೆ, ಮೂಗಿನ ಹೊಳ್ಳೆಯಲ್ಲಿ, ಬೈತಲೆಯಲ್ಲಿ ಸದಾ ಅರಳೆಯ ಧೂಳು ಕೂತಿರುತ್ತಿತ್ತು. ಅವಳು ಗಾದಿ ಹೊಲಿದರೆ ಹತ್ತು ವರ್ಷ ಮೂಲೆ ಬಿಚ್ಚುವುದಿಲ್ಲ ಎಂದು ಗೋಕಾಕಿನವರೂ ಹೇಳುತ್ತಿದ್ದರು. ಅವಳ ಬಾಯಿಗೂ ಅಷ್ಟೇ ಹೆಸರಿತ್ತು. ಗಿರಾಕಿ ಹತ್ತಿಯನ್ನು ಎರಡು ಸಲ ಹಿಸುಕಿ ನೋಡಿದರೆ, "ಹತ್ತಿ ಐತ್ರಿ, ಹೋಳಿಗಿ ಅಲ್ಲ" ಎಂದು ಕೈ ಕೊಡವಿಸುತ್ತಿದ್ದಳು.

ಕಾಗದ ಹುಕ್ಕೇರಿಯಿಂದ ಬಂದ ಉತಾರ, ಜನನ ದಾಖಲೆಯ ನಕಲು. ಅರಭಾವಿಯ ಕಾಲೇಜಿನಲ್ಲಿ ತೋಟಗಾರಿಕೆ ಓದಿದ ಫಿರದೋಸಳಿಗೆ ವಿಯೆನ್ನಾದಲ್ಲಿ ಮುಂದೆ ಓದಲು ಸೀಟು ಸಿಕ್ಕಿತ್ತು, ಫೀ ಇಲ್ಲದ ಸೀಟು. ಎರಡು ತಿಂಗಳಿಂದ ಮನೆಯೆಂದರೆ ಕಾಗದವೇ. ಕಾಲೇಜಿನಿಂದ ಮೊಹರು ಹಾಕಿದ ಲಕೋಟೆ ತಂದಾಯಿತು. ಗೋಕಾಕಿನ ಫೋಟೋದವನು, ಕಿವಿ ಕಾಣಬೇಕು, ತಲೆಯ ಮೇಲೆ ಸೆರಗು ಇರಬೇಕು, ನೆರಳು ಬೀಳಬಾರದು ಎಂಬ ಮೂರಕ್ಕೂ ಹೊಂದಿಸಲು ಹೋಗಿ ಮೂರು ಸಲ ತೆಗೆದ. ಪಾಸ್‌ಪೋರ್ಟು ಹತ್ತನೆಯ ತರಗತಿಯ ಅಂಕಪಟ್ಟಿಯ ಮೇಲೆ ಬಂದಿತ್ತು, ಅದರಲ್ಲಿ ತಂದೆ ತಾಯಿಯ ಹೆಸರು ಸರಿಯಾಗೇ ಇತ್ತು. ಆದರೆ ಅಲ್ಲಿ ಉಳಿಯಲು ಪರವಾನಗಿ ಕೊಡುವವರು ಜನನ ಪ್ರಮಾಣಪತ್ರ ಕೇಳಿದ್ದರು. ಬರುವ ತಿಂಗಳು ಹದಿನೆಂಟನೇ ತಾರೀಖು ಅವರ ಮುಂದೆ ಹೋಗಿ ಎಲ್ಲ ಕಾಗದ ಇಡಬೇಕು. ಅದರೊಳಗೆ ಆ ಪತ್ರಕ್ಕೆ ಬೆಂಗಳೂರಿನಲ್ಲಿ ಮೊಹರು ಬೀಳಬೇಕು. ಒಂದು ಕಾಗದ ಕಡಿಮೆಯಾದರೂ ಸೀಟು ಇನ್ನೊಬ್ಬರದು.

ಉತಾರದಲ್ಲಿ ತಾರೀಖು ಸರಿಯಿತ್ತು. ಊರು ಸರಿಯಿತ್ತು. ತಂದೆಯ ಹೆಸರು ಗುಡುಸಾಬ, ತಾಯಿಯ ಹೆಸರು ಬೀಬಿಜಾನ ಎಂದಿತ್ತು.

ರಸೂಲಬಿ ಹರಕು ಅಂಚನ್ನು ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕೂತಳು. ಗುಡುಸಾಬ ಅವಳ ಒಡಹುಟ್ಟಿದ ಅಣ್ಣ. ಬೀಬಿಜಾನ ಅವನ ಹೆಂಡತಿ.

ಇಪ್ಪತ್ಮೂರು ವರ್ಷದ ಹಿಂದಿನ ಮಾತು. ರಸೂಲಬಿಯ ಮೊದಲ ಕೂಸು ಮೂರು ದಿನ ಬದುಕಿತ್ತು, ಎರಡನೆಯದು ಒಂದು ಹಗಲು. ಮೂರನೆಯದಕ್ಕೆ ತವರಿಗೆ ಹೋದಳು, ಹುಕ್ಕೇರಿಯಿಂದ ಸಂಕೇಶ್ವರಕ್ಕೆ ಹೋಗುವ ದಾರಿಯ ಹಳ್ಳಿ. ಹೆರಿಗೆ ಮಾಡಿಸಲು ಬಂದ ಮುದುಕಿ ಮರೆವ್ವ ಹೊಕ್ಕುಳಬಳ್ಳಿ ಕೊಯ್ದವಳೇ ಕೂಸನ್ನು ತಾಯಿಯ ಮಗ್ಗುಲಲ್ಲಿ ಮಲಗಿಸಲಿಲ್ಲ. ಮೊರದಲ್ಲಿ ಹರಕು ಬಟ್ಟೆ ಹಾಸಿ ಅದರ ಮೇಲೆ ಕೂಸನ್ನು ಇಟ್ಟು ಹೊಸ್ತಿಲ ಹೊರಗೆ ತಂದಳು. "ಯಾರಿಗೂ ಬೇಡಾದ ಕೂಸು ಐತಿ, ತಗೊಳ್ಳೋರು ತಗೊಳ್ರಿ" ಎಂದು ಮೂರು ಸಲ ಕೂಗಿದಳು. ಬೀಬಿಜಾನ ಮುಂದೆ ಬಂದು, ಮರೆವ್ವನ ಉಡಿಗೆ ಒಂದು ಹಿಡಿ ಜೋಳ ಸುರಿದು, ಕೂಸನ್ನು ಎತ್ತಿಕೊಂಡಳು. ಕೂಸು ಅವಳದಾಯಿತು. ಹೆತ್ತವಳದು ಎಂದು ತಿಳಿದರೆ ತಾನೇ ಸಾವು ಹುಡುಕಿಕೊಂಡು ಬರುವುದು? ರಸೂಲಬಿ ಒಳಗಿನ ಕೋಣೆಯಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು, ನನ್ನದು ಎಂಬ ಮಾತು ಹೊರಬೀಳದಂತೆ ಮಲಗಿದ್ದಳು. ಅದೇ ವಾರ ಹಳ್ಳಿಯ ಲೆಕ್ಕಿಗ ತಲಾಠಿ ಊರಿಗೆ ಬಂದು ಜನನ ಬರೆದುಕೊಂಡಾಗ, ಕೂಸು ಯಾರದು ಎಂದು ಕೇಳಿದ. ಆ ದಿನ ಕೆಲಸದೂರಿನಿಂದ ಮನೆಗೆ ಬಂದಿದ್ದ ಗುಡುಸಾಬ, "ನಮ್ಮದರಿ" ಎಂದ. ಎಲ್ಲರೂ ಸುಮ್ಮನಿದ್ದರು. ಸುಮ್ಮನಿರುವುದೇ ಆಗ ಕೂಸಿಗೆ ಕಟ್ಟಿದ ತಾಯಿತ.

ಹುಡುಗಿ ಬದುಕಿದಳು. ನಾಲ್ಕು ತಿಂಗಳಿಗೆ ಮೂಡಲಗಿಗೆ ಬಂದಳು. ಅತ್ತಿ, ಮಾಮಾ ಎಂದು ಕರೆಯುವುದನ್ನು ಕಲಿಸಿದರು. ರಜೆಗೆ ಆ ಹಳ್ಳಿಗೆ ಹೋದಾಗ ಬೀಬಿಜಾನಳನ್ನು ಅವ್ವಾ ಎನ್ನುತ್ತಿದ್ದಳು. ಸಾಲಿಗೆ ಹಾಕುವಾಗ ದಸ್ತಗೀರ ತನ್ನ ಹೆಸರು, ಹೆಂಡತಿಯ ಹೆಸರು ಬರೆಸಿದ. ಆ ತಲಾಠಿಯ ಪುಸ್ತಕ ಎಲ್ಲೋ ಒಂದು ಕಪಾಟಿನಲ್ಲಿ ಮಲಗಿದೆ ಎಂಬುದು ಯಾರ ನೆನಪಿಗೂ ಬರಲಿಲ್ಲ.

ಮರುದಿನ ತಾಯಿ ಮಗಳು ಇಬ್ಬರೂ ಹುಕ್ಕೇರಿಗೆ ಹೋದರು. ಕಚೇರಿಯ ಕಿಟಕಿಯ ಹಿಂದೆ ಕೂತ ಕಾರಕೂನ ಅವರ ಕಥೆಯನ್ನು ಕೊನೆಯವರೆಗೆ ಕೇಳಿದ. ಕಥೆ ಅರ್ಧಕ್ಕೆ ಬಂದಾಗಲೇ ಸಾಲಿನಲ್ಲಿ ಹಿಂದೆ ನಿಂತವರೂ ಹತ್ತಿರ ಸರಿದಿದ್ದರು.

"ಆತು, ಆಧಾರ ತೋರಸ್ರಿ" ಎಂದ ಕಾರಕೂನ.

"ಅತ್ತಿ, ಆಧಾರ ಕೊಡು" ಎಂದಳು ಫಿರದೋಸ.

ಕಾರಕೂನ ತಲೆ ಎತ್ತಿದ. "ಏನಂದಿ ತಂಗಿ? ಅತ್ತಿ? ಈಗಷ್ಟ ಇವರು ನಿಮ್ಮ ಅವ್ವ ಅಂದ್ರಿ?"

"ಅವ್ವನರಿ. ಕರಿಯೂದು ಅತ್ತಿ ಅಂತ."

"ನಾ ಕರದದ್ದನ್ನ ಬರಕೊಳ್ಳೂದಿಲ್ಲವಾ. ಪುಸ್ತಕದಾಗ ಇದ್ದದ್ದನ್ನ ನೋಡ್ತೀನಿ. ಪುಸ್ತಕ ಒಬ್ಬಾಕಿನ್ನ ಅವ್ವ ಅಂತೈತಿ, ನೀ ಇವರನ್ನ ಅತ್ತಿ ಅಂತಿ. ಪುಸ್ತಕಾ, ನೀ ಇಬ್ಬರೂ ಕೂಡಿ ಒಂದ ಮಾತು ಹೇಳಾಕತ್ತೀರಿ."

ಸಾಲಿನಲ್ಲಿ ನಗು ಎದ್ದಿತು. ಕೈಯಲ್ಲಿ ಸೋರೆಕಾಯಿ ಹಿಡಿದ ಹೆಂಗಸೊಬ್ಬಳು, "ಪರದೇಶಕ್ಕ ಹೋಗಾಕ ಏನ್ ನಾಟಕ ಮಾಡ್ತಾರ ನೋಡ ಯವ್ವಾ, ಅತ್ತೀನೂ ಅವ್ವ ಆಕ್ಕಾಳ" ಎಂದಳು.

"ನಿನ್ನ ಸೋರೆಕಾಯಿ ಯಾರ ಬಳ್ಳೀದು ಅಂತ ನಾ ಕೇಳೇನೇನು?" ಎಂದು ರಸೂಲಬಿ ತಿರುಗಿ ನಿಂತಳು. ಹೆಂಗಸು ಸೋರೆಕಾಯಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

ಕಾರಕೂನ ಕಾಗದವನ್ನು ಹಿಂದಕ್ಕೆ ತಳ್ಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ರಸೂಲಬಿಗೆ ಹೆಚ್ಚು ಉರಿಯಿತು. "ನೀವು ಹೌದು ಅಂದ್ರ ಆಗೂದಿಲ್ಲ. ಇದರಾಗ ಹೆಸರು ಇದ್ದವರಿಬ್ಬರೂ ಅಲ್ಲ ಅಂತ ಬರದು ಸಹಿ ಮಾಡ್ಬೇಕು. ಇಲ್ಲಾಂದ್ರ ಕೋರ್ಟು."

ಅಲ್ಲಿಂದ ನೇರ ಗೋಕಾಕು. ದುಂಡಪ್ಪ ನ್ಯಾಯಾಲಯದ ಎದುರಿನ ಬೇವಿನ ಗಿಡದ ಕೆಳಗೆ ಮೂವತ್ತು ವರ್ಷದಿಂದ ಬಾಂಡು ಬರೆಯುತ್ತಿದ್ದವನು. ಹಣೆಯ ತುಂಬ ವಿಭೂತಿ, ಮುಂದೆ ಟೈಪ್‌ರೈಟರ್ ಇದ್ದ ಮೇಜಿನ ಮೇಲೆ ಈಗ ಲ್ಯಾಪ್‌ಟಾಪು. ಅವನ ಮಗಳ ಮದುವೆಯ ಗಾದಿಗಳನ್ನೆಲ್ಲ ರಸೂಲಬಿಯೇ ಹೊಲಿದಿದ್ದಳು.

"ಊರಿನ ಗಾದಿ ಎಲ್ಲಾ ಗಟ್ಟಿ ಹೊಲದ್ರಿ ರಸೂಲಬಿ, ನಿಮ್ಮ ಮನೀದು ಬಿಚ್ಚಿಟ್ರಲ್ರಿ" ಎಂದ ಅವನು, ಉತಾರವನ್ನು ಓದಿ.

"ದುಂಡಪ್ಪಣ್ಣಾ, ನಗಸಾಕ ಬಂದಿಲ್ಲ ನಾನು. ಕೋರ್ಟಿಗೆ ಹೋದ್ರ ಎಷ್ಟು ದಿನ?"

"ಹೋಗ್ರಿ. ತೀರ್ಪು ಬರೂದ್ರಾಗ ನಿಮ್ಮ ಹುಡುಗಿ ಅಲ್ಲಿ ಕಲಸಾಕ ಹೋಗೂ ವಯಸ್ಸಾಗಿರ್ತೈತಿ, ಕಲಿಯಾಕಲ್ಲ." ಅವನು ಲ್ಯಾಪ್‌ಟಾಪಿನ ಮೇಲೆ ಬೆರಳು ಆಡಿಸಿ ಕಾಗದ ಬರೆಯತೊಡಗಿದ. "ಅಣ್ಣನ ಕಡೆ ಹೋಗ್ರಿ. ಎರಡು ಸಹಿ, ಎರಡು ಆಧಾರದ ಝೆರಾಕ್ಸು. ತಂದು ನನ್ನ ಕೈಯಾಗ ಇಡ್ರಿ, ಉಳಿದದ್ದು ನಾ ನೋಡ್ಕೋತೀನಿ."

"ಅವನ ಅಂಗಳಾ ತುಳದು ಎರಡು ವರ್ಷ ಆತು."

"ಹಂಗಾದ್ರ ಕೋರ್ಟಿನ ಅಂಗಳಾ ತುಳೀರಿ, ಇಲ್ಲೇ ಐತಿ" ಎಂದು ದುಂಡಪ್ಪ ಗಲ್ಲದಿಂದಲೇ ಎದುರಿನ ಕಟ್ಟಡ ತೋರಿಸಿದ.

ಎರಡು ವರ್ಷದ ಹಿಂದೆ ಗುಡುಸಾಬ ತನ್ನ ಮಗ ಸಲ್ಮಾನನಿಗೆ ಫಿರದೋಸಳನ್ನು ಕೇಳಿದ್ದ. ಕೇಳಿದ್ದ ಎನ್ನುವುದಕ್ಕಿಂತ, ಜಮಾತದ ಹಿರಿಯರ ಮುಂದೆ ಇದು ಆದಂತೆಯೇ ಎಂದು ಹೇಳಿ, ಆಮೇಲೆ ತಂಗಿಗೆ ತಿಳಿಸಿದ್ದ. ರಸೂಲಬಿ ಆ ಹಿರಿಯರೆದುರೇ, ಹುಡುಗಿ ಓದುತ್ತಾಳೆ, ಕೊಡುವುದಿಲ್ಲ ಎಂದಳು. ಅಂದಿನಿಂದ ಹಬ್ಬಕ್ಕೆ ಶೀರಖುರ್ಮಾ ಬರಲಿಲ್ಲ. ದಸ್ತಗೀರನ ಹೆಸರಿನಲ್ಲಿ ವರ್ಷವರ್ಷ ಓದಿಸುವ ಫಾತಿಹಾಕ್ಕೂ ತವರಿನವರು ಯಾರೂ ಬರಲಿಲ್ಲ.

ಅವಳು ಒಬ್ಬಳೇ ಹೋದಳು. ಬಸ್ಸು ಇಳಿದಾಗ ಮಧ್ಯಾಹ್ನದ ಬಿಸಿಲು ಕಬ್ಬಿನ ಒಣಗರಿಯ ರವದಿಯ ಮೇಲೆ ಉರಿಯುತ್ತಿತ್ತು. ಅಣ್ಣನ ಮನೆಗೆ ಹೊಸ ಸ್ಲ್ಯಾಬು ಬಿದ್ದಿತ್ತು, ಮುಂದೆ ನೀರಾವರಿ ಪೈಪುಗಳ ಅಂಗಡಿ. ಸಲ್ಮಾನ ಸಂಕೇಶ್ವರಕ್ಕೆ ಹೋಗಿದ್ದ. ಗುಡುಸಾಬ ಅಂಗಳದ ಕುರ್ಚಿಯಲ್ಲಿ ಕೂತಿದ್ದವನು ಅವಳನ್ನು ನೋಡಿಯೂ ನೋಡದಂತೆ ಒಳಗೆ ಕೂಗಿದ.

"ಏ, ಯಾರು ಬಂದಾರ ನೋಡು. ಪರದೇಶದವರು."

ಫಿರದೋಸಳ ಸೀಟಿನ ಸುದ್ದಿ ಈ ಊರಿಗೂ ಮುಟ್ಟಿತ್ತು. ಕೂತುಕೋ ಎನ್ನಲಿಲ್ಲ. ನೀರು ಬರಲಿಲ್ಲ. ಆ ಸೀಮೆಯಲ್ಲಿ ದಾರಿ ತಪ್ಪಿ ಬಂದ ಸಾಲಗಾರನಿಗೂ ಒಂದು ತಂಬಿಗೆ ನೀರು ಕೊಡುತ್ತಾರೆ. ರಸೂಲಬಿ ನಿಂತೇ ಚೀಲದಿಂದ ತನ್ನ ಬಾಟಲಿ ತೆಗೆದು, ಅವನಿಗೆ ಕಾಣುವಂತೆ ಗಟಗಟ ಕುಡಿದು, ಮುಚ್ಚಳ ಬಿಗಿದಳು. ಬೀಬಿಜಾನ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು.

"ಒಂದು ಸಹಿ ಬೇಕಾಗೇತಿ ಅಣ್ಣಾ. ನಿಂದು, ವೈನೀದು."

"ನನಗೂ ಒಂದು ಹೆಣ್ಣು ಬೇಕಾಗಿತ್ತು. ಕೊಟ್ಟಿಯೇನು?"

ಅವಳು ಉತಾರವನ್ನೂ ದುಂಡಪ್ಪ ಬರೆದ ಕಾಗದವನ್ನೂ ಅವನ ತೊಡೆಯ ಮೇಲಿಟ್ಟಳು. ಅವನು ಕನ್ನಡಕ ಏರಿಸಿ ಓದಿದ. ಓದುತ್ತ ಓದುತ್ತ ಅವನ ಮೀಸೆಯ ಕೆಳಗೆ ನಗು ಹರಡಿತು.

"ಸರ್ಕಾರನ ನನ್ನ ಮಗಳು ಅಂತೈತಿ. ನೀ ಯಾರು ತಗೊಂಡು ಹೋಗಾಕ?"

"ಅಣ್ಣಾ, ಹದಿನೆಂಟರೊಳಗ ಕೊಡ್ಬೇಕು. ಇಲ್ಲಾಂದ್ರ ಹುಡುಗಿ ಓದು ಮುಳಗ್ತೈತಿ."

"ಮುಳಗಲಿ. ಜಮಾತದಾಗ ನನ್ನ ಮಾರಿ ಮುಳುಗಿದಾಗ ನೀ ದಂಡ್ಯಾಗ ನಿಂತು ನೋಡಿದಿ." ಕಾಗದ ಮಡಚಿ ಗಾಳಿ ಹಾಕಿಕೊಳ್ಳತೊಡಗಿದ. "ಒಂದ ಮಾತು. ವಿಮಾನ ಹತ್ತೂ ಮೊದಲ ಸಲ್ಮಾನನ ಜೋಡಿ ನಿಕಾ. ಆಮ್ಯಾಲೆ ಕಾಗದದ ಮ್ಯಾಲಷ್ಟ ಅಲ್ಲ, ಬೇಕಾದ್ರ ನಿನ್ನ ಹಣಿ ಮ್ಯಾಲೂ ಸಹಿ ಮಾಡ್ತೇನಿ."

"ಈ ಕಾಗದ ಖರೆ ಅಂದ್ರ ಸಲ್ಮಾನ ಆಕಿ ಅಣ್ಣ. ಸುಳ್ಳು ಅಂದ್ರ ಸಹಿ ಮಾಡು. ಎರಡರಾಗ ಯಾವುದು, ನೀನ ಹೇಳು."

ಅವನು ಗಾಳಿ ಹಾಕಿಕೊಳ್ಳುವುದನ್ನು ಒಂದು ಕ್ಷಣ ನಿಲ್ಲಿಸಿದ. ಮತ್ತೆ ಹಾಕಿಕೊಂಡ. "ಕಾಜಿ ನಿಕಾ ಓದೂವಾಗ ತಲಾಠಿನ್ನ ಕೇಳಿ ಓದೂದಿಲ್ಲ. ಹಡದಾಕಿ ನೀ ಅಂತ ಊರಿಗೆಲ್ಲಾ ಗೊತ್ತೈತಿ."

"ಊರಿಗೆ ಗೊತ್ತಿದ್ದದ್ದನ್ನ ಬರದು ಕೊಡು ಅಂತನ ಬಂದೇನಿ."

"ಹಡದಾಕಿ ಅಂತ! ಹಿಡಿ ಜೋಳಕ್ಕ ಮೊರದಾಗಿಟ್ಟು ಕೊಟ್ಟಾಕಿ. ಈಗ ವಿಮಾನ ಬಂತು ಅಂದ ಕೂಡಲೆ ಹೊಟ್ಯಾಗ ಹುಟ್ಟಿದ್ದು ನೆನಪಾತು."

ರಸೂಲಬಿಗೆ ಕಿವಿಯಲ್ಲಿ ಯಂತ್ರ ತಿರುಗಿದಂತಾಯಿತು. ಯಾರೆಷ್ಟು ಚುಚ್ಚಿದರೂ ಅವಳ ಬಳಿ ಒಂದು ಮಾತಿತ್ತು. ಮದುವೆ ಮನೆಗಳಲ್ಲಿ, ಗಾದಿ ಬಡಿಯುವ ಅಂಗಳಗಳಲ್ಲಿ, ಅರಭಾವಿಯ ಕಾಲೇಜಿನ ಮೇಡಮ್ಮುಗಳ ಮುಂದೆ ಕೂಡ ಅವಳು ಅದನ್ನು ನೂರು ಸಲ ಹೇಳಿದ್ದಳು. ಈಗಲೂ ಅದೇ ಬಾಯಿಗೆ ಬಂತು.

"ನಾ ಜ್ವರದಾಗ ಒಂಬತ್ತು ದಿನಾ ಮೈ ಮ್ಯಾಲ ಎಚ್ಚರಿಲ್ಲದ ಬಿದ್ದಿದ್ದೆ. ಆ ಕೂಸು ಆಡಿನ ಹಾಲು ಕುಡದು ಬದುಕಿದ್ದು. ನನ್ನ ಗಂಡ ಹಿಂಜಿದ ಅರಳಿ, ಅದರ ಬತ್ತಿ ಮಾಡಿ, ಹಾಲಾಗ ಅದ್ದಿ ಬಾಯಾಗ ಹಿಂಡಿದ್ದು. ಯಾರ ಜೋಳಾನೂ ಆಕಿನ್ನ ಬದುಕಿಸಲಿಲ್ಲ, ನಮ್ಮ ಅರಳಿ ಬದುಕಿಸ್ತು."

"ಆವಾಗ ನಮ್ಮ ಮನ್ಯಾಗ ಆಡ ಇರಲಿಲ್ಲ ರಸೂಲಬಿ."

ಬೀಬಿಜಾನ ಚೌಕಟ್ಟು ಬಿಟ್ಟಿರಲಿಲ್ಲ. ದನಿ ಎತ್ತರಿಸಿಯೂ ಇರಲಿಲ್ಲ. ಗುಡುಸಾಬ ತಿರುಗಿ ನೋಡಿ, "ನೀ ಒಳಗ ನಡಿ" ಎಂದ. ಅವಳು ಹೋಗಲಿಲ್ಲ.

"ಆಡ ಎರಡು ತಿಂಗಳ ಮೊದಲ ಮಾರಿದ್ವಿ. ಬತ್ತಿ ಮಾಡಿದ್ದು ಖರೆ. ಒಂದು ಸಲ ಬಾಯಾಗ ಇಟ್ಟೆ, ಕೂಸು ಉಗುಳಿತು. ಅಳಾಕೂ ಶಕ್ತಿ ಇರಲಿಲ್ಲ ಅದಕ್ಕ. ಸಲ್ಮಾನ ಆವಾಗ ವರ್ಷದಾಂವ, ಇನ್ನೂ ಹಾಲು ಬಿಟ್ಟಿರಲಿಲ್ಲ. ಈ ಬಾಜೂ ಆಂವ, ಆ ಬಾಜೂ ಆಕಿ. ನಿನಗ ಜ್ವರ ಬಿಡೂತನಕ."

ಗುಡುಸಾಬ ಕುರ್ಚಿಯಿಂದ ಎದ್ದ. ಒಬ್ಬಳ ಮೊಲೆಹಾಲು ಕುಡಿದವರು ಒಡಹುಟ್ಟಿದವರೇ, ಅವರ ನಡುವೆ ನಿಕಾ ಓದಲು ಯಾವ ಕಾಜಿಯೂ ಒಪ್ಪುವುದಿಲ್ಲ ಎಂಬುದನ್ನು ಆ ಮೂವರಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

"ಎಷ್ಟು ಸಲ?" ಒಂದೆರಡು ಸಲವಾದರೆ ಲೆಕ್ಕಕ್ಕೆ ಬರುವುದಿಲ್ಲವೇನೋ ಎಂದು ಹುಡುಕುವವನಂತೆ ಕೇಳಿದ.

"ಎಣಿಸಾಕ ನಾ ಡೈರಿ ಇಟ್ಟಿದ್ನೇನು? ನೀ ಕೊಲ್ಲಾಪುರದಾಗ ಫೌಂಡ್ರಿಗೆ ಹೋಗಿದ್ದಿ, ಐತವಾರಕ್ಕೊಮ್ಮೆ ಬರತಿದ್ದಿ. ಹಡದಾಕಿಗೆ ಹೇಳಬ್ಯಾಡ, ಎದಿ ಒಡಕೋತಾಳ ಅಂತ ನಿಮ್ಮವ್ವ ಬಾಯಿ ಮುಚ್ಚಿಸಿದ್ಳು."

"ನಾ ಜಮಾತದಾಗ ಮಾತು ಕೊಟ್ಟೆ! ಹಿರ್‍ಯಾರ ಮುಂದ ಕೊಟ್ಟೆ! ಆವಾಗ ನಿನ್ನ ನಾಲಗಿ ಏನಾಗಿತ್ತು?"

"ಕೇಳಿ ಕೊಟ್ಟಿಯೇನು ನೀ? ಕೊಟ್ಟು ಬಂದು ಹೇಳಿದಿ. ಹೇಳಾಕ ಬಾಯಿ ತಗಿಬೇಕು ಅನ್ನೂದ್ರಾಗ ಈಕಿ ಒಲ್ಲೆ ಅಂದ್ಳು. ಮುಗೀತು ಅನ್ಕೊಂಡೆ."

ರಸೂಲಬಿ ಅವಳನ್ನೇ ನೋಡುತ್ತಿದ್ದಳು. ಮುಗೀತು ಅನ್ಕೊಂಡೆ. ಎರಡು ವರ್ಷ ತವರಿಲ್ಲದೆ ಕಳೆದದ್ದು, ಗಂಡನ ಫಾತಿಹಾದ ದಿನ ಬಾಗಿಲು ನೋಡಿ ನೋಡಿ ಕಣ್ಣು ನೋಯಿಸಿಕೊಂಡದ್ದು, ಸೊಕ್ಕಿನವಳು ಎಂದು ಓಣಿಯವರಿಂದ ಅನ್ನಿಸಿಕೊಂಡದ್ದು, ಎಲ್ಲವನ್ನೂ ಈ ಹೆಂಗಸು ಒಂದು ಮಾತಿನಿಂದ ನಿಲ್ಲಿಸಬಹುದಿತ್ತು. ಉಪಕಾರ ಮಾಡಿದವಳೆಂದು ಕಾಲು ಹಿಡಿಯಬೇಕೋ, ಕಪಾಳಕ್ಕೆ ಹೊಡೆಯಬೇಕೋ ತಿಳಿಯದೆ ಅವಳ ಕೈಗಳು ಚೀಲದ ಹಿಡಿಯನ್ನು ತಿರುಚುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಆಡು ಹೋಗಿತ್ತು. ಅರಳೆಯ ಬತ್ತಿ ಹೋಗಿತ್ತು. ಆ ಒಂಬತ್ತು ದಿನಗಳಲ್ಲಿ ದಸ್ತಗೀರನ ಕೈಯದೊಂದು ಪಾಲು ಇತ್ತೆಂದು ನಂಬಿದ್ದಳು. ಅಲ್ಲಿ ಅವನೂ ಇರಲಿಲ್ಲ, ಅವಳೂ ಇರಲಿಲ್ಲ.

"ಈ ಮಾತು ಈ ಅಂಗಳಾ ದಾಟಬಾರದು" ಎಂದ ಗುಡುಸಾಬ. ಬೇಡಿಕೆಯಂತೆ ಹೇಳಲು ಹೋದದ್ದು ಬೆದರಿಕೆಯಂತೆ ಬಂತು.

"ಕಾಗದ ದಾಟಿದ್ರ ಮಾತು ದಾಟೂದಿಲ್ಲ" ಎಂದಳು ರಸೂಲಬಿ.

"ನನಗ ಹೆದರಿಸ್ತಿಯೇನು?"

"ಹೌದು. ಹೆದರು."

ಅವನು ಪೆನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ಕುರ್ಚಿಯ ಕೈಯ ಮೇಲೆ ಕಾಗದವಿಟ್ಟು ಸಹಿ ಗೀಚಿದ. ಆಧಾರದ ಝೆರಾಕ್ಸುಗಳನ್ನು ಅಂಗಡಿಯ ಡ್ರಾವರಿನಿಂದ ತಂದು ನೆಲದ ಮೇಲೆ ಒಗೆದ. "ಹುಡುಗಿ ಅಲ್ಲೇ ಇರಲಿ. ಈ ಕಡೆ ಬಂದ್ರ ಕಾಲು ಮುರಿತೇನಿ" ಎಂದು ಪೈಪುಗಳ ನಡುವೆ ಹೋಗಿ, ಎಣಿಸಿ ಮುಗಿಸಿದ್ದನ್ನೇ ಮತ್ತೆ ಎಣಿಸುವವನಂತೆ ಬೆನ್ನು ಹಾಕಿ ನಿಂತ.

ರಸೂಲಬಿ ಝೆರಾಕ್ಸು ಆರಿಸಿಕೊಂಡು, ಕಾಗದವನ್ನು ಬೀಬಿಜಾನಳ ಮುಂದೆ ಹಿಡಿದಳು. ಬೀಬಿಜಾನ ನಾಲ್ಕನೆಯ ತರಗತಿಯವರೆಗೆ ಓದಿದವಳು, ಸಹಿ ಮಾಡುವ ಮೊದಲು ಓದಿಯೇ ಮಾಡುವವಳು. ಬೆರಳಿಟ್ಟು ಓದತೊಡಗಿದಳು.

"ಸದರಿ ಫಿರದೋಸ ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಅಲ್ಲ... ಸದರಿಯವಳಿಗೂ ನನಗೂ ತಾಯಿ ಮಗಳ ಯಾವುದೇ... ಯಾವುದೇ ಸಂಬಂಧ ಇರುವುದಿಲ್ಲ." ಬೆರಳು ಅಲ್ಲಿಯೇ ನಿಂತಿತು. "ಇದು ಹಿಂಗ ಬರೀಬೇಕೇನು?"

"ಬರದಾಗೇತಿ."

"ಹುಟ್ಟಿದಾಕಿ ಅಲ್ಲ ಅಂತ ಅಷ್ಟ ಬರದ್ರ ಸಾಕಾಗಿತ್ತಲ್ಲ."

"ವೈನಿ, ಬಸ್ಸು ಬರೂ ಹೊತ್ತಾತು."

ಬೀಬಿಜಾನ ಕಾಗದವನ್ನು ಗೋಡೆಗೆ ಒತ್ತಿಹಿಡಿದು ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಗೋಡೆಯ ಹೊಸ ಸುಣ್ಣ ಕಾಗದದ ಹಿಂಬದಿಗೆ ಹತ್ತಿತು. ಕೊಡುವಾಗ ಒಂದು ತುದಿಯನ್ನು ಬಿಡಲಿಲ್ಲ.

"ರಸೂಲಬಿ, ಹೋಗೂ ಮುಂದ ಒಮ್ಮೆ ಕಳಸ್ತಿ ಅಲ್ಲ ಆಕಿನ್ನ? ಇವರು ಅಂದ್ರು ಅಂತ ತಲ್ಯಾಗ ಇಟ್ಕೋಬ್ಯಾಡ. ಸಂಕೇಶ್ವರದ ಸ್ಟ್ಯಾಂಡಿಗೆ ನಾನ ಬರ್ತೀನಿ. ಇವರಿಗೆ ಗೊತ್ತಾಗೂದಿಲ್ಲ."

ರಸೂಲಬಿ ಕಾಗದವನ್ನು ಎಳೆದುಕೊಂಡಳು. ಸುಣ್ಣ ಕೊಡವಿದಳು. ಮಡಚದೆ, ಎರಡು ರಟ್ಟಿನ ನಡುವೆ ಇಟ್ಟು, ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

"ಹಾಲಿನ ಮಾತು ನಾನ ಹೇಳ್ತೀನಿ ಆಕಿಗೆ, ನೀ ಹೇಳಬ್ಯಾಡ. ನೀ ಸಿಟ್ಟಿನ್ಯಾಗ ಹೇಳ್ತಿ. ಆಕಿಗೆ ನಾ ಹಂಗ ಹೇಳೂದಿಲ್ಲ. ಅಲ್ಲಿ ಥಂಡಿ ಭಾಳ ಅಂತಾರ, ಆಕಿಗಂತ ಆವಾಗನ ಒಂದು ದುಪ್ಪಟಿ ನೇಯಿಸಿಟ್ಟಿದ್ದೆ, ಎರಡು ವರ್ಷಾತು ಟ್ರಂಕಿನ್ಯಾಗ ಐತಿ, ಒಂದು ನಿಮಿಷ ನಿಲ್ಲು, ಈಗ ತರ್ತೀನಿ, ಇಲ್ಲಾ ನೀನ ಒಳಗ ಬಾ, ನೀರಾದ್ರೂ..."

ರಸೂಲಬಿ ಆಗಲೇ ಅಂಗಳ ದಾಟಿದ್ದಳು. ಅಂಗಡಿಯ ಪೈಪುಗಳನ್ನು ದಾಟಿದಳು. ಹಿಂದಿನಿಂದ ಬೀಬಿಜಾನ ಇನ್ನೂ ಏನೋ ಕೇಳುತ್ತಿದ್ದಳು, ಯಾವ ತಾರೀಖು ಎಂದೋ, ಎಷ್ಟು ಗಂಟೆಯ ವಿಮಾನ ಎಂದೋ. ರಸೂಲಬಿ ಚೀಲವನ್ನು ಎದೆಗೆ ಅವುಚಿಕೊಂಡು ಹುಕ್ಕೇರಿಯ ಬಸ್ಸು ನಿಲ್ಲುವ ಕಡೆಗೆ ರಸ್ತೆಯ ಅಂಚಿನಲ್ಲೇ ನಡೆದಳು.